ಡಬ್ಬಿಗೆ ಮಾತ್ರ ಬಿದ್ದ ಮಳೆ

ಆಗೆಲ್ಲ ಬೇಸಿಗೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಯಾರಾದರೂ ಶುರು ಮಾಡಿದರೆ ನನಗೆ ಕೋಪ ಬರುತ್ತದೆ. ಮೊನ್ನೆ ನಮ್ಮೂರ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮಂಜುಳ ಬರೆದಿದ್ದಳು: ‘ಮಳೆರಾಯನ್ನ ಹೊತ್ಕೊಂಡು ಮನೆಮನೆ ಸುತ್ತುತಿದ್ವಲ್ಲ, ಎಂಥಾ ದಿನಗಳು ಕಣ್ರೇ ಅವು!’ ಅದರ ಕೆಳಗೆ ಹತ್ತಾರು ಜನ ಕೈ ಮುಗಿದಿದ್ದರು, ಹೂವು ಇಟ್ಟಿದ್ದರು. ನಾನು ‘ಹೌದಾ ಮಂಜುಳಾ?’ ಎಂದು ಬರೆದು ಅಳಿಸಿದೆ. ಅಳಿಸಿದ ಮೇಲೆ ರಾತ್ರಿ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮಗೆಲ್ಲ ನೆನಪಿರುವ ಬೇಸಿಗೆ ನನಗೂ ನೆನಪಿದೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ನಾನೂ ತಿಂದಿದ್ದೇನೆ. ತಿಂದ ಮೇಲೆ ಕೈ ತೊಳೆಯಲು ನೀರು ಕೇಳಿದರೆ, ಲಂಗಕ್ಕೆ ಒರೆಸಿಕೊಂಡು ಹೋಗೇ ಎನ್ನುತ್ತಿದ್ದರು. ಬೆಳಿಗ್ಗೆ ಏಳು ಗಂಟೆಗೇ ಬಿಸಿಲು ಹೊಸಿಲು ದಾಟಿ ಒಳಗೆ ಬರುತ್ತಿತ್ತು. ಹತ್ತು ಗಂಟೆಯ ಮೇಲೆ ನೆಲದ ಮೇಲೆ ಕಾಲಿಡುವ ಹಾಗಿರಲಿಲ್ಲ, ಕುಂಟೆಬಿಲ್ಲೆ ಆಟ ನಿಂತೇಹೋಗಿತ್ತು. ಜಗುಲಿಯ ನೆರಳಿನಲ್ಲಿ ಹುಣಸೆಬೀಜ ಇಟ್ಟುಕೊಂಡು ಅಳಿಗುಳಿಮಣೆ ಆಡುತ್ತಿದ್ದೆವು. ಅದೂ ಕೆಲವು ದಿನ ಮಾತ್ರ. ಆಮೇಲೆ ನನ್ನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳಲಿಲ್ಲ, ಏಕೆಂದರೆ ನಾನು ನೀರುಗಂಟಿಯ ಮಗಳು.

ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿಯಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಮ್ಮಪ್ಪ ಕೃಷ್ಣಪ್ಪ ಊರಿನ ನೀರುಗಂಟಿಯಾಗಿದ್ದ. ಬೋರಿನ ಮೋಟಾರ್ ಹಾಕುವುದು, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವ್ ತಿರುಗಿಸಿ ಒಂದೊಂದು ಬೀದಿಗೆ ನೀರು ಬಿಡುವುದು ಅವನ ಕೆಲಸ. ಮಳೆಗಾಲದಲ್ಲಿ ಅಪ್ಪ ಎಲ್ಲರ ಬಾಯಲ್ಲೂ ಕಿಷ್ಣಪ್ಪಣ್ಣ. ಬೇಸಿಗೆ ಬಂದರೆ ಬರೀ ನೀರುಗಂಟಿ. ನಲ್ಲಿಯಲ್ಲಿ ನೀರು ಬಾರದ ದಿನ ಅದಕ್ಕಿಂತ ಕೆಳಗಿನ ಹೆಸರುಗಳೂ ಇದ್ದವು. ಅವನ್ನು ನಾನು ಐದನೇ ಕ್ಲಾಸು ಮುಗಿಸುವಷ್ಟರಲ್ಲಿ ಪೂರ್ತಿ ಕಲಿತಿದ್ದೆ.

ಅಪ್ಪನಿಗೆ ಇನ್ನೊಂದು ಕೆಲಸವೂ ಇತ್ತು. ಪಂಚಾಯ್ತಿ ಆಫೀಸಿನ ಪಕ್ಕ, ಶಾಲೆಯ ಬಯಲಿನ ಮೂಲೆಯಲ್ಲಿ ಮುಳ್ಳುತಂತಿ ಬೇಲಿಯೊಳಗೆ ಮಳೆ ಅಳೆಯುವ ಡಬ್ಬಿಯಿತ್ತು, ಇಡೀ ಹೋಬಳಿಗೆ ಅದೊಂದೇ. ಸಿಮೆಂಟಿನ ಕಟ್ಟೆಯಲ್ಲಿ ಹೂತಿಟ್ಟ, ಮೊಣಕಾಲೆತ್ತರದ ಒಂದು ಕೊಳವೆ. ಮೇಲೆ ಆಲಿಕೆಯಂಥ ಅಗಲ ಬಾಯಿ, ಒಳಗೆ ನೀರು ಕೂಡಿಕೊಳ್ಳುವ ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೀಟು ಹಾಕಿದ ಗ್ಲಾಸಿಗೆ ಬಗ್ಗಿಸಿ ಅಳೆದು, ಪುಸ್ತಕದಲ್ಲಿ ಬರೆದು, ಪಂಚಾಯ್ತಿ ಫೋನಿನಿಂದ ತಾಲ್ಲೂಕು ಕಚೇರಿಗೆ ಹೇಳಬೇಕು. ನೀರು ಬಿಡುವಾಗ ಅವಸರದಲ್ಲಿರುತ್ತಿದ್ದ ಅಪ್ಪ ಈ ಕೆಲಸಕ್ಕೆ ಮಾತ್ರ ಮುಖ ತೊಳೆದು, ತಲೆ ಬಾಚಿಕೊಂಡು ಹೋಗುತ್ತಿದ್ದ. ಕುಕ್ಕರಗಾಲಿನಲ್ಲಿ ಕುಳಿತು ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ನಾನೂ ಜೊತೆಗೆ ಹೋಗುತ್ತಿದ್ದೆ.

ಹಿಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ‘ರಾತ್ರಿ ಜೋರು ಮಳೆ ಕಣಪ್ಪ, ಚರಂಡಿಯೆಲ್ಲ ತುಂಬಿತ್ತು ಅಂತ ಮಂಜುಳ ಹೇಳಿದ್ಲು’ ಎಂದೆ. ಅಳೆದರೆ ನಾಲ್ಕು ಮಿಲಿಮೀಟರ್.

‘ನೋಡಮ್ಮ ಪದ್ದು’ ಎಂದ ಅಪ್ಪ. ‘ಜನ ಏನಂತಾರೆ ಅಂತ ಕೇಳ್ಬೇಡ. ಹೊಲ ನೆನೆಯದೇ ಇದ್ದೋನು ಮಳೆ ಇಲ್ಲ ಅಂತಾನೆ, ಮನೆ ಸೋರಿದೋನು ಪ್ರಳಯ ಅಂತಾನೆ. ನಿನ್ನ ಕಣ್ಣನ್ನೂ ನಂಬಬೇಡ. ಗ್ಲಾಸ್ ಏನಂತದೋ ಅಷ್ಟು ಬರಿ.’

ಆ ಮಾತನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡೆ. ಆಗಾಗ ಅಪ್ಪ ನನ್ನ ಕೈಯಲ್ಲೇ ಅಳೆಸಿ, ನನ್ನ ಕೈಯಲ್ಲೇ ಬರೆಸುತ್ತಿದ್ದ. ಸೊನ್ನೆ ಬರೆಯಲು ಏನು ಮಹಾ ಎಂದು ನೀವು ಕೇಳಬಹುದು. ಆ ಬೇಸಿಗೆಯಲ್ಲಿ ಪುಟದ ಮೇಲಿನಿಂದ ಕೆಳಗಿನವರೆಗೆ ಬರೀ ಸೊನ್ನೆಯೇ ಇತ್ತು. ಯುಗಾದಿ ಹೋಯಿತು, ಅಶ್ವಿನಿ ಮಳೆ ಹೋಯಿತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದ ಮುದುಕರು, ಭರಣಿ ಅರ್ಧ ಕಳೆದ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಹಿಪ್ಪುನೇರಳೆ ಗಿಡದಲ್ಲೇ ಒಣಗಿತು. ಮೂರನೇ ಜ್ವರ ಎದ್ದು, ಅಂದರೆ ಮೂರನೇ ಸಲ ಪೊರೆ ಬಿಟ್ಟು, ಹಸಿದಿದ್ದ ರೇಷ್ಮೆಹುಳುಗಳಿಗೆ ಹಾಕಲು ಸೊಪ್ಪಿಲ್ಲದೆ, ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿದರು. ಅವು ಬಿಸಿಲಿಗೆ ಕೊಳೆತ ವಾಸನೆ ಊರೆಲ್ಲ ಇತ್ತು. ಮುದ್ದೆ ನುಂಗುವಾಗಲೂ ಮೂಗಿಗೆ ಅದೇ ಬರುತ್ತಿತ್ತು.

ನಮ್ಮ ಬೋರು ಬತ್ತುತ್ತಾ ಬಂತು. ಮೊದಲು ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ, ಮನೆಗೆ ಎರಡು ಕೊಡ. ನಲ್ಲಿಯ ಮುಂದೆ ಕೊಡಗಳ ಸಾಲು, ಕೊಡ ಇಲ್ಲದವರ ಜಾಗಕ್ಕೆ ಕಲ್ಲು. ಯಾರ ಕಲ್ಲು ಎಲ್ಲಿತ್ತು ಎಂದು ಜಗಳ. ಊರಿನವರು ಟ್ಯಾಂಕರ್ ಬೇಕೆಂದು ಪಂಚಾಯ್ತಿ ಮುಂದೆ ಸೇರಿದಾಗ ಸೆಕ್ರೆಟ್ರಿ ಹೊರಗೆ ಬಂದು ಪಾಠ ಮಾಡಿದರು.

‘ಬರ ಅಂದ್ರೆ ನಿಮಗೆ ಬಾಯಾರಿಕೆ ಆಗಿದೆ ಅಂತಲ್ಲಮ್ಮ. ಪುಸ್ತಕದಲ್ಲಿ ಇಷ್ಟು ವಾರ ಒಂದೇ ಸಮ ಮಳೆ ಇಲ್ಲ ಅಂತ ಇರ್ಬೇಕು. ಎರಡೂವರೆ ಮಿಲಿಮೀಟರ್ ಬಿದ್ರೂ ಅದು ಮಳೆ ದಿನ. ಲೆಕ್ಕ ಮತ್ತೆ ಮೊದಲಿಂದ. ಇನ್ನು ಎಂಟು ದಿನ ಹಿಂಗೇ ಸೊನ್ನೆ ಇದ್ರೆ ನಮ್ಮ ಹೋಬಳಿ ಬರದ ಪಟ್ಟಿಗೆ ಸೇರ್ತದೆ. ಟ್ಯಾಂಕರ್ ತಾನಾಗೇ ಬರ್ತದೆ.’

ಅವತ್ತಿನಿಂದ ಊರಿನವರಿಗೆ ಎರಡು ದೇವರಾದವು. ದೇವಸ್ಥಾನಕ್ಕೆ ಹೋಗಿ ಮಳೆ ಕೊಡಪ್ಪ ಎಂದು ಕೈ ಮುಗಿಯುವುದು, ಬರುವಾಗ ಡಬ್ಬಿಯ ಬೇಲಿ ಹತ್ತಿರ ನಿಂತು, ‘ಇವತ್ತೂ ಸೊನ್ನೇನಾ ಪದ್ದು?’ ಎಂದು ಆಸೆಯಿಂದ ಕೇಳುವುದು. ಸೊನ್ನೆ ಎಂದರೆ ಸಮಾಧಾನ. ಆ ದಿನಗಳಲ್ಲಿ ನಾನು ಸ್ವಲ್ಪ ದೊಡ್ಡ ಮನುಷ್ಯಳಾಗಿದ್ದೆ ಎನ್ನಬೇಕು. ಮೂರು ದಿನ ಹಾಗೆ ಸಾಗಿತು. ನಾಲ್ಕನೆಯ ದಿನ ಮೋಟಾರ್ ಸುಟ್ಟುಹೋಯಿತು.

ನೀರಿಲ್ಲದೆ ಓಡಿದ ಮೋಟಾರ್ ಸುಡದೇ ಏನಾಗುತ್ತದೆ? ಆದರೆ ಎದುರು ಮನೆಯ ಮುನಿಯಕ್ಕ, ಅಂದರೆ ಮಂಜುಳನ ಅಮ್ಮ, ನಲ್ಲಿ ಹತ್ತಿರ ಬೇರೆಯೇ ಕಥೆ ಕಟ್ಟಿದಳು. ಪೈಪಿನಲ್ಲಿ ಉಳಿದಿದ್ದ ಅಷ್ಟಿಷ್ಟು ನೀರಿಗೆಂದು ಅಮ್ಮ ಖಾಲಿ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಳು. ನಾನು ಅವಳ ಸೆರಗು ಹಿಡಿದಿದ್ದೆ.

‘ನೀನ್ಯಾಕೆ ಬಂದೆ ಸರೋಜಾ? ನಿಮ್ಮನೆ ಹಂಡೆ ತುಂಬಿರ್ತದಲ್ಲ’ ಎಂದಳು ಮುನಿಯಕ್ಕ. ‘ನಾವು ಮಲಗಿದ ಮೇಲೆ ಮೋಟಾರ್ ಹಾಕ್ಕೊಂಡು ನೀವು ತುಂಬಿಸ್ಕೊಂಡ್ರಿ. ಅದು ಸುಟ್ಟೋಯ್ತು. ನೀರುಗಂಟಿ ಹೆಂಡ್ತಿಗೆ ಯಾವ ಬರ?’

‘ಒಳಗೆ ಬಂದು ನೋಡ್ರಕ್ಕ, ಹಂಡೆ ಒಣಗಿ ಜೇಡ ಕಟ್ಟಿದೆ’ ಎಂದಳು ಅಮ್ಮ.

‘ಅಬ್ಬೋ, ಬಚ್ಚಿಟ್ಟೋರು ಹಂಡೇಲಿ ಇಡ್ತಾರಾ?’

ಸಾಲಿನಲ್ಲಿ ಇದ್ದವರೆಲ್ಲ ನಕ್ಕರು. ಅಮ್ಮನ ಕೈಯಿಂದ ಎಷ್ಟೋ ಸಲ ಮಜ್ಜಿಗೆ ಇಸಿದುಕೊಂಡು ಕುಡಿದವರು ಅವರು. ಒಬ್ಬಳಾದರೂ ಹೋಗಲಿ ಬಿಡೇ ಮುನಿಯಕ್ಕ ಎನ್ನಲಿಲ್ಲ. ನಮ್ಮ ಮನೆಗೂ ಎಲ್ಲರ ಹಾಗೆ ಎರಡೇ ಕೊಡ ನೀರು ಬರುತ್ತಿತ್ತು. ಒಂದು ಕೊಡ ಕಡಿಮೆಯಾಗಿ ಬಂದ ದಿನ ಅಪ್ಪ ನಮ್ಮ ಪಾಲಿನಲ್ಲೇ ಕಳೆಯುತ್ತಿದ್ದ. ಇದನ್ನು ನಾನು ಇವತ್ತಿಗೂ ಕೂಗಿ ಹೇಳಬಲ್ಲೆ. ಆಗ ಹೇಳುವ ಧೈರ್ಯ ಇರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಮೋಟಾರನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ವೈಂಡಿಂಗ್ ಮಾಡಿಸಲು ಚಿಂತಾಮಣಿಗೆ ಹೊರಟ. ಕೆಲಸ ಒಂದೇ ದಿನಕ್ಕೆ ಆಗುವಂಥದ್ದಲ್ಲ, ಅಂಗಡಿಯಲ್ಲೇ ಮಲಗಿ ಬರುತ್ತೇನೆಂದ. ಹೊರಡುವಾಗ ಗ್ಲಾಸಿದ್ದ ಡಬ್ಬದ ಕೀ ನನ್ನ ಕೈಗೆ ಕೊಟ್ಟ.

‘ನಾಳೆ ಎಂಟೂವರೆಗೆ ನೀನೇ ನೋಡ್ಬೇಕಮ್ಮ. ಸೊನ್ನೆ ಅಂತ ಗೊತ್ತಿದ್ರೂ ಹೋಗಿ ನೋಡೇ ಬರೀಬೇಕು. ಮನೇಲಿ ಕೂತ್ಕೊಂಡು ಬರೀಬಾರ್ದು.’

‘ಗೊತ್ತಪ್ಪ. ಗ್ಲಾಸ್ ಏನಂತದೋ ಅಷ್ಟು’ ಎಂದೆ. ಅಪ್ಪ ನನ್ನ ಕೆನ್ನೆ ಹಿಂಡಿ ಆಟೋ ಹತ್ತಿದ.

ಅವತ್ತು ಸಾಯಂಕಾಲವೇ ಊರಿನಲ್ಲಿ ಮಳೆರಾಯನ ಮೆರವಣಿಗೆ. ಮಳೆ ಹೋದ ವರ್ಷ ನಮ್ಮ ಕಡೆ ಕೆರೆಯ ಜೇಡಿಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲೆ ಕೂರಿಸಿ, ಮಕ್ಕಳು ತಲೆಯ ಮೇಲೆ ಹೊತ್ತು ಹಾಡುತ್ತಾ ಮನೆಮನೆಗೆ ಹೋಗುವುದು ನಿಮಗೆ ಗೊತ್ತೇ ಇದೆ. ಮನೆಯೊಡತಿ ಬಾಗಿಲಿಗೆ ಬಂದು ಮಳೆರಾಯನ ನೆತ್ತಿಗೆ ಒಂದು ಚೊಂಬು ನೀರು ಹುಯ್ಯಬೇಕು, ಹೊತ್ತವರು ತೊಯ್ದು ತೊಪ್ಪೆಯಾಗಬೇಕು. ಮೊರದಲ್ಲಿ ರಾಗಿಹಿಟ್ಟು ಕೊಡಬೇಕು. ಎಲ್ಲ ಮನೆಯ ಹಿಟ್ಟು ಸೇರಿಸಿ ಕೆರೆಯಂಗಳದಲ್ಲಿ ಮುದ್ದೆ ಮಾಡಿ ಉಣ್ಣುವುದು. ಒಂದು ಮನೆಯೂ ಬಿಟ್ಟುಹೋಗಬಾರದು. ಇನ್ನೊಂದು ಕಟ್ಟಳೆಯೂ ನಮ್ಮೂರಲ್ಲಿತ್ತು. ಮಳೆರಾಯನಿಗೆಂದು ಎತ್ತಿಟ್ಟ ನೀರನ್ನು ಮತ್ತೆ ಮನೆಗೆ ಬಳಸುವಂತಿಲ್ಲ, ಬಳಸಿದರೆ ಬರುತ್ತಿದ್ದ ಮಳೆ ಅರ್ಧ ದಾರಿಯಿಂದ ವಾಪಸ್ ಹೋಗುತ್ತದೆ ಎನ್ನುತ್ತಿದ್ದರು.

ಮಂಜುಳ ಹಲಗೆ ಹೊರುವವಳು. ನಾನು ಹೋಗಿ ನಿಂತರೆ, ‘ನೀನು ಬೇಡ ಕಣೇ, ಅಮ್ಮ ಬೈತಾಳೆ’ ಎಂದಳು. ಆ ಮಾತಿಗೆ ಬೇಜಾರಿನ ದನಿಯೂ ಇರಲಿಲ್ಲ. ಹೊಸ ರಿಬ್ಬನ್ನು ಕಟ್ಟಿಕೊಂಡಿದ್ದಳು, ಅದನ್ನು ಸರಿ ಮಾಡಿಕೊಳ್ಳುತ್ತಾ ಹೇಳಿದಳು. ನಾನು ಮನೆಗೆ ಬಂದು ಬಾಗಿಲ ಹಿಂದೆ ಕುಳಿತೆ.

ಅಮ್ಮ ಮಾತ್ರ ಹೊಸಿಲು ಸಾರಿಸಿ ರಂಗೋಲಿ ಎಳೆದಿದ್ದಳು. ಮೊರದಲ್ಲಿ ಹಿಟ್ಟು, ಅರಿಶಿನ ಕುಂಕುಮ, ಒಂದು ಎಳೆ ಬೇವಿನ ಸೊಪ್ಪು. ಪಕ್ಕದಲ್ಲಿ ತೊಳೆದಿಟ್ಟ ಹಿತ್ತಾಳೆ ಚೊಂಬಿನಲ್ಲಿ ನೀರು. ಊರಿನಲ್ಲಿ ಎಲ್ಲರೂ ಆ ವರ್ಷ ಒಂದು ಉದ್ದರಣೆ ನೀರು ಚಿಮುಕಿಸಿ ಮುಗಿಸುತ್ತಿದ್ದರು. ಅಮ್ಮ ಅವತ್ತು ಬೆಳಿಗ್ಗೆಯಿಂದ ಮುಖಕ್ಕೆ ನೀರು ಹಾಕಿಕೊಂಡಿರಲಿಲ್ಲ, ತಾನು ಕುಡಿಯುವ ಲೋಟವನ್ನೇ ಅರ್ಧ ಅರ್ಧ ಉಳಿಸಿ ಚೊಂಬಿಗೆ ಸೇರಿಸಿದ್ದಳು. ‘ಮಳೆ ಬಂದ್ರೆ ಎಲ್ಲರ ಬಾಯಿ ಮುಚ್ತದೆ ಕಣೇ ಪದ್ದು, ನಿಮ್ಮಪ್ಪನ ಮೇಲಿನ ಮಾತೂ ನಿಲ್ತದೆ’ ಎಂದಳು.

ತಮಟೆಯ ಸದ್ದು ನಮ್ಮ ಬೀದಿಗೆ ತಿರುಗಿತು. ಅಮ್ಮ ಚೊಂಬು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮಳೆರಾಯ ಮುನಿಯಕ್ಕನ ಮನೆ ಮುಂದೆ ನಿಂತ, ಪಕ್ಕದ ಮನೆ ಮುಂದೆ ನಿಂತ. ನಮ್ಮ ಮನೆಯ ಹತ್ತಿರ ಬಂದಾಗ ಹಿಂದೆ ಬರುತ್ತಿದ್ದ ಮುನಿಯಕ್ಕ, ‘ನಡೀರೇ ಮುಂದಕ್ಕೆ, ಕದ್ದ ನೀರು ದೇವರಿಗೆ ಬೇಡ’ ಎಂದಳು. ಹುಡುಗಿಯರು ಹಾಡು ನಿಲ್ಲಿಸದೆಯೇ ಮುಂದೆ ಹೋದರು. ಮಂಜುಳ ತಿರುಗಿ ಕೂಡ ನೋಡಲಿಲ್ಲ. ಅಮ್ಮ ಚೊಂಬು ಹಿಡಿದ ಕೈಯನ್ನು ಇಳಿಸಲು ಮರೆತವಳ ಹಾಗೆ ನಿಂತೇ ಇದ್ದಳು. ನಾನು ಹಲ್ಲು ಕಚ್ಚಿಕೊಂಡು, ಈ ಊರಿಗೆ ಎಂದೂ ಮಳೆ ಬಾರದಿರಲಿ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಬೇಡಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಚೊಂಬು ಹಿಡಿದುಕೊಂಡೇ ಹೊರಟಳು. ‘ಇಲ್ಲೇ ಬರ್ತೀನಿ ಇರು’ ಎಂದಳು. ಬರುವಾಗ ಚೊಂಬು ಖಾಲಿಯಿತ್ತು. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಯಾವುದೋ ಗಿಡದ ಬುಡಕ್ಕೆ ಹಾಕಿರಬೇಕು ಎಂದುಕೊಂಡೆ. ಅಂದು ರಾತ್ರಿ ಗಾಳಿ ಎದ್ದಿತು. ಮೋಡ ಕಟ್ಟಿ ನಂದಿಬೆಟ್ಟದ ಕಡೆ ಗುಡುಗಿತು. ನಾನು ಗುಡುಗು ಕೇಳುತ್ತಾ ನಿದ್ದೆ ಹೋದೆ.

ಬೆಳಿಗ್ಗೆ ತಲೆ ಬಾಚಿಕೊಂಡು, ಮುಖ ಒರೆಸಿಕೊಂಡು, ಅಪ್ಪನ ಹಾಗೆಯೇ ಹೋದೆ. ಡಬ್ಬಿಯ ಬಾಯಿಗೆ ಅರಿಶಿನ ಕುಂಕುಮ ಹಚ್ಚಿತ್ತು, ಅಂಚಿಗೆ ಬೇವಿನ ಎಲೆ ಅಂಟಿತ್ತು. ಮಳೆರಾಯನ ಹುಡುಗಿಯರು ಹಚ್ಚಿರಬೇಕು ಎನಿಸಿತು. ಆಲಿಕೆ ಎತ್ತಿ ಬಾಟಲಿ ತೆಗೆದರೆ ಕೈಗೆ ಭಾರ. ಒಳಗೆ ನೀರು!

ಗ್ಲಾಸಿಗೆ ಬಗ್ಗಿಸಿದೆ. ಒಂದು ಗ್ಲಾಸಿಗೆ ಹತ್ತು ಮಿಲಿಮೀಟರ್. ಎರಡು ಸಲ ಪೂರ್ತಿ ತುಂಬಿತು, ಮೂರನೇ ಸಲಕ್ಕೂ ಸ್ವಲ್ಪ ಉಳಿಯಿತು. ಒಂದು ಕಣ್ಣು ಮುಚ್ಚಿ ನೋಡಿದೆ. ಇಪ್ಪತ್ತೆರಡು ಮಿಲಿಮೀಟರ್, ಮೇಲೆ ನಾಲ್ಕು ಸಣ್ಣ ಗೀಟು. ಬೇಲಿಯೊಳಗಿನ ನೆಲ ಮುಟ್ಟಿ ನೋಡಿದೆ. ಸುಡುಗಾಡಿನಂತೆ ಒಣಗಿತ್ತು. ಒಂದು ಗಳಿಗೆ ಅನುಮಾನ ಬಂದದ್ದು ನಿಜ. ಆದರೆ ಬೇಸಿಗೆ ಮಳೆ ಎತ್ತಿನ ಒಂದು ಕೊಂಬಿಗೆ ಬಿದ್ದು ಇನ್ನೊಂದಕ್ಕೆ ಬೀಳುವುದಿಲ್ಲ ಎಂದು ಕೇಳಿದ್ದೆ. ರಾತ್ರಿ ಗುಡುಗಿದ್ದನ್ನು ಕಿವಿಯಾರೆ ಕೇಳಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನ ಕಣ್ಣನ್ನು ನಂಬಬೇಡ ಎಂದು ಅಪ್ಪ ಹೇಳಿದ್ದ. ನಾನು ಗ್ಲಾಸನ್ನು ನಂಬಿದೆ. ಸೊನ್ನೆಗಳ ಕೆಳಗೆ ದುಂಡಗೆ ಬರೆದೆ: 22.4. ಅಪ್ಪನ ಅಂಕೆಗಳಿಗಿಂತ ನನ್ನವೇ ಚೆನ್ನಾಗಿದ್ದವು.

ಪಂಚಾಯ್ತಿ ಆಫೀಸಿನಲ್ಲಿ ಕಸ ಗುಡಿಸುವವಳು ಬಿಟ್ಟರೆ ಯಾರೂ ಇರಲಿಲ್ಲ. ಫೋನ್ ತಿರುಗಿಸಿ ನಾನೇ ಹೇಳಿದೆ. ಆ ಕಡೆಯವರು ನಕ್ಕರು.

‘ಮಳೆನಾ? ಶಿಡ್ಲಘಟ್ಟದಲ್ಲಿ ಒಂದು ಹನಿ ಇಲ್ವಲ್ಲಮ್ಮ. ಸರಿಯಾಗಿ ನೋಡಿದ್ಯಾ?’

‘ಸರಿಯಾಗೇ ನೋಡಿದೀನಿ ಸಾರ್. ಮೂರು ಸಲ ಬಗ್ಗಿಸಿ ಅಳೆದೆ.’

‘ಸರಿ, ಬರ್ಕೊಂಡೆ.’

ಮಧ್ಯಾಹ್ನ ಅಪ್ಪ ಮೋಟಾರ್ ಸಮೇತ ಬಂದಿಳಿದ. ನಾನು ಓಡಿಹೋಗಿ ಕುಣಿಯುತ್ತಾ ಹೇಳಿದೆ. ಅವನು ಮೋಟಾರನ್ನು ಅಲ್ಲೇ ಬಿಟ್ಟು ಡಬ್ಬಿಯ ಹತ್ತಿರ ಹೋದ. ಬೇವಿನ ಎಲೆಯನ್ನು ಎರಡು ಬೆರಳಿನಲ್ಲಿ ಕಿತ್ತು ನೋಡಿದ, ಮನೆಗೆ ಬಂದು ಅದನ್ನು ಅಮ್ಮನ ಮುಂದೆ ಹಿಡಿದ. ಅಮ್ಮ ಒಲೆಯ ಮುಂದೆ ಹುರುಳಿಕಾಳು ಹುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

‘ಅವರು ನಮ್ಮನೆ ಬಿಟ್ಟೋದ್ರು’ ಎಂದಳು. ‘ಎತ್ತಿಟ್ಟ ನೀರು ಒಳಕ್ಕೆ ತರೋ ಹಂಗಿಲ್ಲ. ಅವರ ಮಳೆರಾಯ ಬೇಡ ಅಂದ್ರೆ ನಿಮ್ಮ ಮಳೆರಾಯನಿಗಾದ್ರೂ ಹುಯ್ಯಣ ಅಂತ ಹೋದೆ. ನೀವು ದಿನಾ ಮುಖ ತೊಳೆದು ಅದರ ಮುಂದೆ ಹೋಗಿ ಕೂರ್ತಿರಲ್ಲ.’

ಅಪ್ಪನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಗೋಡೆಗೆ ಒರಗಿ ಕುಳಿತ. ‘ಸೆಕ್ರೆಟ್ರಿಗೆ ಹೇಳಿ ತಿದ್ದಿಸಣ’ ಎಂದ.

‘ಏನಂತ ಹೇಳ್ತೀರಾ? ಊರು ಬಾಯಾರಿ ಸಾಯ್ತಾ ಇದೆ, ನನ್ನ ಹೆಂಡ್ತಿ ಚೊಂಬು ನೀರು ತಗೊಂಡೋಗಿ ಡಬ್ಬಿಗೆ ಹುಯ್ದಳು ಅಂತಾನಾ? ಬಚ್ಚಿಟ್ಟಿದ್ದಾರೆ ಅಂತ ಮುನಿಯಕ್ಕ ಅಂದಿದ್ದು ನಿಜ ಆಗ್ತದೆ. ನಾನು ಮತ್ತೆ ನಲ್ಲಿ ಹತ್ರ ಹೋಗೋ ಹಂಗಿರ್ತದಾ?’

ಒಂದು ದಿನದ ಲೆಕ್ಕ ತಾನೆ, ಏನಾಗುತ್ತದೆ ಎಂದು ಅಪ್ಪ ತನಗೆ ತಾನೇ ಹೇಳಿಕೊಂಡ. ನಾನು ಒಳಕೋಣೆಗೆ ಹೋಗಿ ಪೆನ್ನನ್ನು ಹಾಸಿಗೆಯ ಕೆಳಗೆ ತಳ್ಳಿದೆ. ಮೋಟಾರ್ ಇಳಿಸಿದರೆ ಎರಡು ದಿನ ಕೆಸರು ಬಂತು, ಆಮೇಲೆ ಗಾಳಿ ಬಂತು.

ವಾರ ಕಳೆಯಿತು. ಬರದ ಪಟ್ಟಿ ಬಂತು. ಸುತ್ತಲಿನ ಹೋಬಳಿಗಳೆಲ್ಲ ಇದ್ದವು, ನಮ್ಮದಿರಲಿಲ್ಲ. ಪಕ್ಕದ ಹೋಬಳಿಗೆ ಹೋಗುವ ಟ್ಯಾಂಕರ್ ಮುಖ್ಯರಸ್ತೆಯಲ್ಲಿ ನಮ್ಮೂರಿಗೆ ತಿರುಗುವ ಗೇಟಿನ ಮುಂದೆಯೇ ನೀರು ಚೆಲ್ಲಿಕೊಂಡು ಹೋಯಿತು. ಆ ಚೆಲ್ಲಿದ ಗೆರೆಯ ಹಿಂದೆ ಊರಿನ ನಾಯಿಗಳು ಓಡಿದವು.

ಅವತ್ತು ಪಂಚಾಯ್ತಿ ಮುಂದೆ ಸೇರಿದ ಜನ ಹಿಂದಿನ ಸಲದ ಜನವಲ್ಲ. ಕೈಯಲ್ಲಿ ಕೊಡಗಳಿದ್ದವು, ಕೆಲವರ ಕೈಯಲ್ಲಿ ಕಲ್ಲುಗಳೂ ಇದ್ದವು. ಸೆಕ್ರೆಟ್ರಿ ಪುಸ್ತಕ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ‘ನೋಡಿ, ಇಪ್ಪತ್ತೆರಡು ಪಾಯಿಂಟ್ ನಾಲ್ಕು. ಮಳೆ ಬಂದ ಹೋಬಳಿಗೆ ಬರ ಅಂತ ಯಾರು ಬರೀತಾರೆ?’

‘ಯಾವ ಮಳೆ ಕಿಷ್ಣಪ್ಪಾ?’ ಮುನಿಯಕ್ಕ ಅಪ್ಪನ ಮುಖದ ಹತ್ತಿರಕ್ಕೇ ಬಂದಳು. ‘ನಿನ್ನ ಡಬ್ಬಿಗೆ ಮಾತ್ರ ಬಿತ್ತಾ? ನೀಳ್ಳು ಎಕ್ಕಡ? ಎಲ್ಲಿ ನೀರು, ತೋರ್ಸು!’ ಸಿಟ್ಟು ಹೆಚ್ಚಾದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು.

ಸೆಕ್ರೆಟ್ರಿ ಕೆಟ್ಟವರಲ್ಲ. ಅಪ್ಪನನ್ನು ಪಕ್ಕಕ್ಕೆ ಕರೆಯದೆ ಎಲ್ಲರ ಮುಂದೆಯೇ ಹೇಳಿದ್ದಷ್ಟೇ ಅವರ ತಪ್ಪು. ‘ಯಾರಾದ್ರೂ ನೀರು ಹುಯ್ದಿದ್ರೆ ಹೇಳಿಬಿಡಿ ಕೃಷ್ಣಪ್ಪ. ಹೆಸರು ಹಾಕಿ ಬರೆದು ಕಳಿಸ್ತೀನಿ. ಲೆಕ್ಕ ತಿದ್ದಿಸಣ, ಟ್ಯಾಂಕರ್ ಬರ್ತದೆ. ಹೆಸರು ಬೇಕು ಅಷ್ಟೇ.’

ಅಮ್ಮ ಜನರ ಹಿಂದೆ, ಶಾಲೆಯ ಗೋಡೆಗೆ ತಾಗಿ ನಿಂತಿದ್ದಳು. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಒಂದು ಹೆಜ್ಜೆ ಮುಂದೆ ಇಟ್ಟಳು. ಅಪ್ಪ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

‘ಯಾರೂ ಹುಯ್ದಿಲ್ಲ ಸಾರ್. ಮಳೆನೇ ಬಂದಿದ್ದು. ನಾನೇ ಅಳೆದೆ.’

‘ನೀನು ಅವತ್ತು ಚಿಂತಾಮಣೀಲಿ ಇದ್ಯಲ್ಲಯ್ಯಾ!’ ಎಂದು ಯಾರೋ ಕೂಗಿದರು.

‘ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದು ಅಳೆದು ವಾಪಸ್ ಹೋದೆ. ನನ್ನ ಕೈಬರಹನೇ ಅದು.’

ಸೆಕ್ರೆಟ್ರಿ ಪುಸ್ತಕದಲ್ಲಿದ್ದ ನನ್ನ ದುಂಡನೆಯ ಅಂಕೆಗಳನ್ನು ನೋಡಿದರು, ನನ್ನನ್ನು ನೋಡಿದರು. ಪುಸ್ತಕವನ್ನು ಅಪ್ಪನ ಮುಂದೆ ಚಾಚಿದರು. ‘ಹಂಗಾದ್ರೆ ಕೆಳಗೆ ಬರೀರಿ, ಮಳೆ ಬಿದ್ದ ಬಗ್ಗೆ ಖಾತ್ರಿ ಮಾಡಿದ್ದೇನೆ ಅಂತ. ಸೈನ್ ಹಾಕಿ.’ ಅಪ್ಪ ಬರೆದ. ಬರೆಯಲು ತುಂಬಾ ಹೊತ್ತು ಹಿಡಿಯಿತು.

ಕಲ್ಲು ಯಾರೂ ಎಸೆಯಲಿಲ್ಲ. ಒಬ್ಬ ಅಪ್ಪನ ಹೆಗಲ ಮೇಲಿದ್ದ ವಾಲ್ವ್ ಕೀಲಿಯನ್ನು ಕಿತ್ತುಕೊಂಡ. ಇನ್ನೊಬ್ಬ ಅಂಗಿಯ ಕಾಲರ್ ಹಿಡಿದು ತಳ್ಳಿದ. ಅಪ್ಪ ಮೆಟ್ಟಿಲಿನಿಂದ ಕೆಳಗೆ ಬಿದ್ದು ಎದ್ದ. ವಾರದೊಳಗೆ ಮುನಿಯಕ್ಕನ ತಮ್ಮ ನೀರುಗಂಟಿಯಾದ.

ಆ ಬೇಸಿಗೆ ಮುಗಿಯುವವರೆಗೆ ಊರಿನವರೆಲ್ಲ ಎರಡು ಮೈಲಿ ದೂರದ ತೋಟದ ಬಾವಿಯಿಂದ ನೀರು ಹೊತ್ತರು. ನಾವೂ ಹೊತ್ತೆವು, ಎಲ್ಲರೂ ತಂದಾದ ಮೇಲೆ. ಮಂಜುಳ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ನಡೆದು ಅಂಗಾಲು ಬೊಬ್ಬೆ ಬರಿಸಿಕೊಂಡಿದ್ದಳು. ಅಪ್ಪ ಒಂದು ಹೆಸರು ಹೇಳಿದ್ದರೆ ಅವಳಿಗೆ ಆ ಬೊಬ್ಬೆ ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಅಯ್ಯೋ ಪಾಪ ಅನ್ನಿಸಿತೇ ಎಂದರೆ, ಇಲ್ಲ. ಒಂದು ಮನೆಯ ಮುಂದೆ ಅರ್ಧ ನಿಮಿಷ ನಿಂತು ಒಂದು ಚೊಂಬು ನೀರು ಹುಯ್ಯಿಸಿಕೊಂಡಿದ್ದರೆ ಊರಿಗೆಲ್ಲ ಟ್ಯಾಂಕರ್ ಬರುತ್ತಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ. ಮಂಜುಳಾ, ಗುಂಪಿನಲ್ಲಿ ಇದಕ್ಕೂ ಒಂದು ಹೂವು ಇಡು.

ರೋಹಿಣಿಯಲ್ಲಿ ಮಳೆ ಬಂತು. ಸರಿಯಾದ ಮಳೆ, ಕೆರೆಗೆ ಕೆಂಪು ನೀರು ಬರುವಂಥದ್ದು. ಊರೆಲ್ಲ ಬೀದಿಗೆ ಬಂದು ನೆನೆಯಿತು. ಅಮ್ಮ ಬಾಗಿಲು ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಎಂಟೂವರೆಗೆ ಅಪ್ಪ ಮುಖ ತೊಳೆದು ತಲೆ ಬಾಚಿಕೊಂಡು ಚಪ್ಪಲಿ ಮೆಟ್ಟಿದ. ಆಮೇಲೆ ನೆನಪಾಗಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ. ಆ ವರ್ಷವೇ ನಾವು ಶಿಡ್ಲಘಟ್ಟಕ್ಕೆ ಬಂದೆವು. ಅಪ್ಪ ರೇಷ್ಮೆ ನೂಲು ತೆಗೆಯುವ ಕಡೆ ಗೂಡು ಬೇಯಿಸುವ ಕೆಲಸಕ್ಕೆ ಸೇರಿದ. ದಿನವಿಡೀ ಬಿಸಿನೀರಿನಲ್ಲಿ ಕೈ. ಅಮ್ಮ ಅದಾದ ಮೇಲೆ ಯಾವ ಮಳೆರಾಯನಿಗೂ ಒಂದು ಹನಿ ನೀರು ಹುಯ್ಯಲಿಲ್ಲ. ಹೋದ ವರ್ಷ ತೀರಿಕೊಂಡಳು.

ಈಗ ನಮ್ಮೂರಿನ ಶಾಲೆಯ ಬಯಲಿನಲ್ಲಿ ಸೋಲಾರ್ ಇರುವ ಮಳೆ ಯಂತ್ರವಿದೆಯಂತೆ. ಯಾರೂ ಅಳೆಯಬೇಕಿಲ್ಲ, ಬರೆಯಬೇಕಿಲ್ಲ, ಫೋನ್ ಮಾಡಬೇಕಿಲ್ಲ. ಬೀದಿಗಳಲ್ಲಿ ಮಳೆರಾಯ ಬರುವುದೂ ನಿಂತಿದೆಯಂತೆ. ಅದಕ್ಕೆ ನನಗೆ ದುಃಖವಿಲ್ಲ. ಬೇಸಿಗೆಯ ಆಟ, ಹುಣಸೆಬೀಜ, ಕೆರೆಯಂಗಳದ ಮುದ್ದೆ, ಇವುಗಳು ಹೋದವು ಎಂದು ನೀವು ಬೇಕಾದರೆ ಕೊರಗಿ. ನಾನು ಕಳೆದುಕೊಂಡದ್ದು ಅವಲ್ಲ.

ಅಪ್ಪ ನನ್ನ ಜೊತೆಯಲ್ಲೇ ಇದ್ದಾನೆ. ಹೋದ ವಾರ ಬಿಸಿಲು ಮುರಿದು ಒಂದು ಸಣ್ಣ ಮಳೆ ಬಂತು. ನನ್ನ ಮಗಳು ಪ್ರಾಜೆಕ್ಟಿಗೆಂದು ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಸ್ಕೇಲ್ ಅಂಟಿಸಿ ತಾರಸಿಯ ಮೇಲಿಟ್ಟಿದ್ದಳು. ಅದನ್ನು ತಂದು ತಾತನ ಮುಂದೆ ಹಿಡಿದಳು. ‘ತಾತ, ಎಷ್ಟಿದೆ ನೋಡಿ ಹೇಳಿ. ಅಮ್ಮ ಹೇಳ್ತಿದ್ರು, ನೀವು ತುಂಬಾ ಕರೆಕ್ಟಾಗಿ ಹೇಳ್ತೀರಂತೆ.’

ಬಿಸಿನೀರಿನಲ್ಲಿ ಬೆಂದು ಬೆಳ್ಳಗಾದ ಬೆರಳುಗಳಲ್ಲಿ ಅಪ್ಪ ಬಾಟಲಿ ಹಿಡಿದುಕೊಂಡ. ಕಣ್ಣಿನ ಮಟ್ಟಕ್ಕೆ ಎತ್ತುತ್ತಾನೆ, ಒಂದು ಕಣ್ಣು ಮುಚ್ಚುತ್ತಾನೆ ಎಂದು ನಾನು ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಕಾದೆ. ಅವನು ಅದನ್ನು ನೋಡದೆಯೇ ಕಿಟಕಿಯ ಮೇಲಿಟ್ಟ.

‘ಎಷ್ಟು ಮಳೆ ಅಂತ ಜನ ಏನಂತಾರಮ್ಮ?’ ಎಂದ.